ಧಾರೆ ಸೀರೆಯ ಬೆಳ್ಳಿ

ಅಪ್ಪ ಹೋಗಿ ವರ್ಷ ತುಂಬಿತ್ತು. ಮದರಾಸಿನ ತಿರುವಲ್ಲಿಕ್ಕೇಣಿಯ ನಮ್ಮ ಬೀದಿಗೆ ಹಳೆ ಜರಿ ಕೊಳ್ಳುವವನು ಕೂಗುತ್ತ ಬಂದಾಗ ಅಮ್ಮನೇ ಅವನನ್ನು ಕರೆದು, ಪೆಟ್ಟಿಗೆಯ ತಳದಿಂದ ತನ್ನ ಧಾರೆ ಸೀರೆ ತೆಗೆದುಕೊಟ್ಟಳು. ನನಗಾದರೂ ಇಟ್ಟಿರಮ್ಮ ಎಂದರೆ, “ಮುಂಡೆ ಸೀರೆ ನಿನಗ್ಯಾಕೇ?” ಎಂದು ಗದರಿದಳು.

ಎಷ್ಟು ಬೆಳ್ಳಿಯಿದೆಯೋ ಕಣ್ಣೆದುರೇ ತೋರಿಸುತ್ತೇನೆಂದು ಅವನು ಸೆರಗು, ಅಂಚು ಕತ್ತರಿಸಿ ಹಿತ್ತಲಲ್ಲಿ ಕಬ್ಬಿಣದ ಬಾಣಲೆಗೆ ಹಾಕಿ ಸುಟ್ಟ. ರೇಷ್ಮೆ ಉರಿದರೆ ಕೂದಲು ಸುಟ್ಟ ನಾತ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಾಣಲೆಯನ್ನೇ ಒದೆಯುತ್ತಿದ್ದೆ.

ಬೂದಿ ತೊಳೆದು, ಉಳಿದ ಬೆಳ್ಳಿಯನ್ನು ತೂಗಿ, ಅಮ್ಮನ ಅಂಗೈಗೆ ಹಾಕಿದ. ನಿಂಬೆಹಣ್ಣಿನಷ್ಟು ಕಪ್ಪು ಮುದ್ದೆ. ಅಮ್ಮ ಅದನ್ನು ಬಹಳ ಹೊತ್ತು ನೋಡಿ, “ಇವ್ವಳವುದಾನಾ?” ಎಂದು ತಮಿಳಿನಲ್ಲಿ ಕೇಳಿದಳು. ಇಷ್ಟೇನಾ, ಅಂತ.

ತೂಕದ ಮೇಲೆ ಅನುಮಾನವೆಂದುಕೊಂಡು ಅವನು ಮತ್ತೆ ತಕ್ಕಡಿ ಎತ್ತಿದ.