ಕಣಕ್ಕೆ ಹತ್ತಿಸದ ಜೀಪು

ಹಿಂದಿನ ದಿನ ನಮ್ಮ ಅಡುಗೆಮನೆಯಲ್ಲಿ ಬೇರಿಂಗ್ ಕಾಯುತ್ತಿತ್ತು. ಹಳೆಯ ಬಾಣಲೆಗೆ ಎಣ್ಣೆ ಹಾಕಿ, ಸೀಮೆಎಣ್ಣೆ ಸ್ಟೌ ಮೇಲಿಟ್ಟು, ನನ್ನ ಗಂಡ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು. ಬಿಸಿಯಾದರೆ ಬೇರಿಂಗ್ ಸ್ವಲ್ಪವೇ ಹಿಗ್ಗುತ್ತದೆ, ಬಡಿಯದೆಯೇ ಕೂರುತ್ತದೆ.

"ಬೋಂಡಾ ಬಿಡ್ತಿದ್ದೀರೇನ್ರೀ?" ಅಂದೆ.

"ಹೂಂ. ನಿನ್ನ ಬೋಂಡಾಕ್ಕಿಂತ ಇದೇ ಮೆತ್ತಗಿರತ್ತೆ, ತಿಂದು ನೋಡು."

ಸೌಟಿನಲ್ಲಿ ಬೆನ್ನಿಗೊಂದು ಕೊಟ್ಟೆ. ಆ ದಿನ ಅಷ್ಟೇ ಆದದ್ದು.

ಕೊಟ್ಟಿಗೆಹಾರ ದಾಟಿ ಕಳಸದ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ, ಅದಕ್ಕೆ ತಾಗಿ ಅವರ ರಿಪೇರಿ ಶೆಡ್ಡು. ಜೀಪು ಮೇಲಿನ ಎಸ್ಟೇಟಿನ ಸಾಹುಕಾರರದು. ಹಿಂದಿನ ಚಕ್ರಗಳ ನಡುವೆ ಇರುವ ಡಿಫರೆನ್ಶಿಯಲ್‌ನ ಬೇರಿಂಗ್‌ಗಳು ಸವೆದು, ಗಾಡಿ ಏರಿನಲ್ಲಿ ಕೂಗುತ್ತಿತ್ತು. ಇನ್ನೂ ಓಡಿಸಿದರೆ ಒಳಗೆ ಹಲ್ಲು ಮುರಿಯುತ್ತದೆ ಎಂದು ಇವರು ಎಸ್ಟೇಟಿನಲ್ಲೇ ಬಿಚ್ಚಿ, ಕ್ರೌನು ಪಿನಿಯನ್ನು ಅನ್ನುವ ಎರಡು ಹಲ್ಲುಚಕ್ರಗಳನ್ನು ಗೋಣಿಚೀಲದಲ್ಲಿ ಮನೆಗೆ ತಂದಿದ್ದರು. ಹೊಸ ಬೇರಿಂಗ್ ಕೂರಿಸಿ ಬೆಂಚಿನ ಮೇಲಿಟ್ಟರು. ಮರುದಿನ ಅವನ್ನು ಒಯ್ಯಲಿಲ್ಲ. ಜೀಪಿನ ಹೊಟ್ಟೆಯಲ್ಲಿ ಉದುರಿದ ಕಬ್ಬಿಣದ ಪುಡಿ ತೊಳೆಯದಿದ್ದರೆ ಹೊಸ ಬೇರಿಂಗೂ ಹಾಳಾಗುತ್ತದೆ.

"ತೊಳೆದು ಬರ್ತೀನಿ. ಜೋಡಿಸೋದು ನಾಳೆ" ಅಂದು ಹೋದರು.

ಆ ಎಸ್ಟೇಟಿನಲ್ಲಿ ಮಟ್ಟಸವಾದ ಗಟ್ಟಿ ಜಾಗ ಒಂದೇ, ಕಾಫಿ ಒಣಗಿಸುವ ಸಿಮೆಂಟ್ ಕಣ. ಕೊಯ್ಲು ಇನ್ನೂ ಶುರುವಾಗಿರಲಿಲ್ಲ, ಕಣ ಖಾಲಿಯಿತ್ತು. ಬಿಚ್ಚುವ ಮೊದಲೇ, ಜೀಪನ್ನು ಅಲ್ಲಿಗೆ ತಳ್ಳಿಸಿಕೊಡಿ ಅಂತ ಇವರು ಕೇಳಿದ್ದರಂತೆ. "ಹೊಸ ಕಣ ಮಾರಾಯ. ಎಣ್ಣೆ ಚೆಲ್ಲಿದ್ರೆ ಕಾಫಿಗೆ ವಾಸನೆ ಹಿಡಿಯತ್ತೆ. ಅಲ್ಲೇ ಬದೀಲಿ ಮಾಡ್ಕೊ" ಅಂದರಂತೆ ಸಾಹುಕಾರರು. ಇದನ್ನು ಹೇಳಿದವನು ಪಕ್ಕದಲ್ಲೇ ನಿಂತಿದ್ದ ಅವರ ಡ್ರೈವರ್. ಬದಿ ಅಂದರೆ ಇಳಿಜಾರು, ಮಳೆ ಕುಡಿದ ಕೆಂಪುಮಣ್ಣು. ಜಾಕಿನ ಕೆಳಗೆ ಇಟ್ಟಿದ್ದ ಹಲಗೆ ಜಾರಿತು. ಇವರು ಗಾಡಿಯ ಅಡಿಯಲ್ಲಿದ್ದರು. ಮೂಡಿಗೆರೆ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ನಮ್ಮ ಕಡೆ ಸಾವಾದ ಮನೆಗೆ ಹೋಗಿ ಮಾತಾಡಿಸಿ ಬರುತ್ತಾರೆ. ಜಗಲಿಯ ಮೇಲೆ ಕೂತು, ಹೇಗಾಯ್ತು ಅಂತ ಕೇಳುತ್ತಾರೆ. ಮನೆಯವರು ಹೇಳಿದ್ದನ್ನು ಕೊನೆಯವರೆಗೂ ಕೇಳಿಸಿಕೊಂಡು ಏಳುತ್ತಾರೆ. ಬೇಲಿ ಜಗಳದಲ್ಲಿ ನಮ್ಮ ಹತ್ತಿರ ಮಾತು ಬಿಟ್ಟವರೂ ಬಂದರು. ತಿಥಿ ಕಳೆದರೂ ಸಾಹುಕಾರರು ಬರಲಿಲ್ಲ. ನಮ್ಮ ಜಗಲಿಯಲ್ಲಿ ಕೂತು ಅವರು ಹೇಗಾಯ್ತು ಅಂತ ಕೇಳಬೇಕಿತ್ತು. ನಾನು ಕಣದ ಮಾತು ಹೇಳಬೇಕಿತ್ತು. ಅದೊಂದೇ ನನಗೆ ಬೇಕಿದ್ದದ್ದು.

ಕೊಯ್ಲು ಶುರುವಾದಾಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬಂದರು.

"ಅಮ್ಮ, ಆ ಕ್ರೌನು ಪಿನಿಯನ್ನು ಕೊಟ್ಬಿಡಿ. ಗಾಡಿ ಇಲ್ದೆ ಕಾಫಿ ಹಣ್ಣು ಸಾಗಿಸೋಕಾಗ್ತಿಲ್ಲ."

"ಕೊಡ್ತೀನಿ. ಸಾಹುಕಾರ್ರೇ ಬಂದು ತಗೊಂಡು ಹೋಗ್ಲಿ."

"ಅವ್ರು ಬರೋ ಹಾಗಿದ್ರೆ ನನ್ನನ್ಯಾಕೆ ಕಳಿಸ್ತಿದ್ರು?"

"ಅದನ್ನ ಅವ್ರನ್ನೇ ಕೇಳಿ."

"ಬರೀ ಕಬ್ಬಿಣ ಅಮ್ಮ ಅದು."

"ಬರೀ ಕಬ್ಬಿಣ ಆದ್ರೆ ಬೇರೆ ತರ್ಸಿ."

ಬೇರೆ ತರಿಸುವುದು ಸುಲಭವಿರಲಿಲ್ಲ. ಅಷ್ಟು ಹಳೆಯ ಜೀಪಿನ ಸಾಮಾನು ಚಿಕ್ಕಮಗಳೂರಲ್ಲೂ ಸಿಗಲಿಲ್ಲ. ಯಾವುದೋ ಗುಜರಿ ಗಾಡಿಯಿಂದ ಕಿತ್ತು ತಂದ ಕ್ರೌನಿಗೆ ಇನ್ಯಾವುದೋ ಪಿನಿಯನ್ ಜೋಡಿಸಿದರಂತೆ. ಒಟ್ಟಿಗೆ ಓಡಿ ಸವೆದ ಜೋಡಿಯಲ್ಲದಿದ್ದರೆ ಅವು ಹೊಂದುವುದಿಲ್ಲ. ಜೀಪು ಮೊದಲಿಗಿಂತ ಜೋರಾಗಿ ಕೂಗಿ, ಹಣ್ಣಿನ ಮೂಟೆಗಳ ಸಮೇತ ಏರಿನಲ್ಲಿ ಹಲ್ಲು ಮುರಿದು ನಿಂತಿತಂತೆ. ಸುದ್ದಿ ಕೇಳಿದಾಗ ಅತ್ತೆಗೆ ಕಾಣದಂತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಇವರು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಆಮೇಲೆ ಆ ಜೀಪು ಟಾರ್ಪಾಲ್ ಹೊದ್ದು ಅಲ್ಲೇ ಕೂತಿತು. ಕಳಸದ ಬಸ್ಸಿನಲ್ಲಿ ಅದು ಕಾಣುವ ಬದಿಯಲ್ಲೇ ಕೂರುತ್ತಿದ್ದೆ. ಚಕ್ರಗಳು ಮಣ್ಣಿಗೆ ಇಳಿಯುವುದನ್ನು ನೋಡಿದರೆ ಊಟ ಸೇರುತ್ತಿತ್ತು. ಮನೆಯಲ್ಲಿದ್ದ ಕ್ರೌನು ಪಿನಿಯನ್ನಿಗೆ ಮಾತ್ರ ಪ್ರತಿ ಮಳೆಗಾಲಕ್ಕೂ ಗ್ರೀಸು ಹಚ್ಚಿದೆ. ತುಕ್ಕು ಹಿಡಿಸಿದಳು ಅನ್ನುವ ಮಾತು ಸಾಹುಕಾರರ ಬಾಯಿಗೆ ಸಿಗಬಾರದು. ಬಂದ ದಿನ ಅವರ ಕೈಗೆ ಹೊಳೆಯುವ ಹಾಗೆ ಕೊಡಬೇಕು. ಸಾಹುಕಾರರು ಹೊಸ ಜೀಪು ಕೊಂಡು ಹಳೆಯದನ್ನು ಗುಜರಿಗೆ ಹಾಕಿದ ಮೇಲೂ ಹಚ್ಚುವುದು ಬಿಡಲಿಲ್ಲ.

ಕೆಲವು ವರ್ಷಗಳ ಮೇಲೆ ಸಾಹುಕಾರರ ಹೆಂಡತಿ ತೀರಿಕೊಂಡರು. ನಾನು ಒಗೆದ ಸೀರೆ ಉಟ್ಟು ಹೋದೆ. ಜಗಲಿ ತುಂಬ ಜನ. ಸಾಹುಕಾರರ ಎದುರಿಗೇ ಕೂತು, "ಹೇಗಾಯ್ತು?" ಅಂದೆ. ಅವರು ಹೇಳಿದರು. ಮಂಗಳೂರಿನ ಆಸ್ಪತ್ರೆ, ಕೊನೆಗೆ ನೀರು ಕೇಳಿದ್ದು, ಎಲ್ಲ. ಪೂರ್ತಿ ಕೇಳಿಸಿಕೊಂಡೆ.

"ಹೀಗೆ ಯಾರಾದ್ರೂ ಬಂದು ಕೇಳಿದ್ರೆ ಭಾರ ಸ್ವಲ್ಪ ಇಳಿಯತ್ತೆ, ಅಲ್ವಾ?" ಅಂದೆ.

ಸುತ್ತ ಕೂತವರು ನಮ್ಮ ಕಡೆ ತಿರುಗಿದರು. ಸಾಹುಕಾರರು ಹೆಗಲ ಮೇಲಿನ ಟವೆಲ್ ತೆಗೆದು ತೊಡೆಯ ಮೇಲೆ ಮಡಚತೊಡಗಿದರು.

"ಇಳಿಯತ್ತೆ" ಅಂದರು.

"ನಮ್ಮನೆ ರಸ್ತೆ ಬದೀಲೇ ಇದೆ. ನಿಮಗೆ ಗೊತ್ತು" ಅಂದು ಎದ್ದೆ.

ಹೆಂಡತಿ ಸತ್ತ ಮನುಷ್ಯನಿಗೆ ಹಾಗೆ ಅನ್ನಬಾರದಿತ್ತು ಎಂದು ನನ್ನ ತಂಗಿ ಬೈದಳು. ನನಗೆ ಹಾಗನ್ನಿಸಲಿಲ್ಲ, ಇವತ್ತಿಗೂ ಅನ್ನಿಸಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಟವೆಲ್ ಮಡಚುವ ಕೈಗಳನ್ನೇ ನೆನೆಸಿಕೊಂಡು ಬಂದೆ.

ಅದಾದ ಮೇಲೂ ಎಷ್ಟೋ ಮಳೆಗಾಲ ಹೋದವು. ಅವರು ಇನ್ನೂ ನಮ್ಮ ಮನೆಗೆ ಬಂದಿಲ್ಲ.