ಇಶ್ರತ ಸಹಿ ಹಾಕದ ಸೈರನ್

ಗಣೇಶಗುಡಿಯ ರಾಫ್ಟಿಂಗ್ ಮಾಲೀಕ ವೀರೇಶನ ಮುಂದೆ, ನದಿ ಏರಿದರೆ ಕೂಗುವ ಸೈರನ್ನಿನ ಗುಂಡಿಯನ್ನು ಗತ್ತಿನಿಂದ ಒತ್ತಿದೆ. ಕೂಗಲಿಲ್ಲ. ಮತ್ತೆ ಒತ್ತಿದೆ. ತೆರೆದ ಫೈಲುಗಳು ವಿಪರೀತವಾಗಿವೆ ಎಂದು ಪರದೆ ದೂರಿತು. ಸೈರನ್ ನಡೆಸುವ ಪೆಟ್ಟಿಗೆಯ ಕರ್ನೆಲ್ ಡ್ರೈವರ್, ಅಂದರೆ ಸೆನ್ಸರನ್ನು ಓದುವ ಒಳಗಿನ ಕೋಡು, ಬರೆದವನು ನಾನೇ ಎಂದು ಐದು ನಿಮಿಷ ಮೊದಲಷ್ಟೇ ಎದೆಯುಬ್ಬಿಸಿ ಹೇಳಿದ್ದೆ.

ಹಿಂದೆ ನಿಂತಿದ್ದ ಇಶ್ರತ ನಗಲಿಲ್ಲ. ಅವಳು ನಕ್ಕಿದ್ದನ್ನು ದಾಂಡೇಲಿಯಲ್ಲಿ ಕಂಡವರಿಲ್ಲ. ಮೆಕ್ಯಾನಿಕ್ ಬಂದೇನವಾಜನ ಮಗಳು. ಗ್ಯಾರೇಜಿನ ಮೇಲಿನ ಖೋಲಿಯಲ್ಲಿ ಕುಳಿತು ಕಂಡವರ ಕೋಡಿನ ತಪ್ಪು ಹುಡುಕುವುದು ಅವಳ ಕಸುಬು. ಪೆಟ್ಟಿಗೆ ಸುರಕ್ಷಿತ ಎಂದು ಅವಳು ಸಹಿ ಹಾಕಬೇಕಿತ್ತು. ಅವಳ ತಮ್ಮ ಸಾಬೀರ ಇಲ್ಲಿಯೇ ರಾಫ್ಟ್ ನಡೆಸುತ್ತಾನೆ. ಸೈರನ್ ಕೂಗದಿದ್ದರೆ ನೀರಿನಲ್ಲಿರುವವನು ಅವನು.

ಪೆಟ್ಟಿಗೆ ಕೆಡುವುದು ಒಂಬತ್ತು ದಿನಕ್ಕೊಮ್ಮೆ ತಾನೇ, ದಿನಾ ಬೆಳಿಗ್ಗೆ ಆಫ್ ಮಾಡಿ ಆನ್ ಮಾಡಿದರಾಯಿತು, ಸಹಿ ಹಾಕಿ ಎಂದು ವೀರೇಶ ಗುಡುಗಿದ. ನಾನೂ ನಾಚಿಕೆಯಿಲ್ಲದೆ ತಲೆಯಾಡಿಸಿದೆ.

ಇಶ್ರತ ನನ್ನ ಕೋಡನ್ನು ಕೆಳಗಿನಿಂದ ಮೇಲಕ್ಕೆ ಓದಿದಳು. ಕೆಲಸ ಕೆಡುವ ದಾರಿಯನ್ನೇ ಮೊದಲು ನೋಡುವುದು ಅವಳ ರೂಢಿ, ಮನುಷ್ಯರಲ್ಲೂ.

"ಸರ್, ನೀರಿನ ಮಟ್ಟ ಓದೂ ಮುಂಚೆ ಪ್ರತೀ ಸಲ ಒಂದು ಫೈಲ್ ನಂಬರ್ ಹಿಡೀತೀರಿ. ಸೆನ್ಸರ್ ಉತ್ತರ ಕೊಡದಿದ್ರ ಹಂಗ ಎದ್ದು ಹೋಗ್ತೀರಿ, ನಂಬರ್ ಬಿಡೂದಿಲ್ಲ. ಬರದ ಗಿರಾಕಿ ಹೆಸರಿಗೆ ಜಾಕೆಟ್ ತೆಗೆದಿಟ್ಟು ಮರತಂಗ. ಇರೂವೇ ಸಾವಿರದಿಪ್ಪತ್ನಾಕು ನಂಬರ್, ಅವು ಮುಗದ್ವಂದ್ರ ಸೈರನ್ನಿಗೂ ನಂಬರ್ ಸಿಗೂದಿಲ್ಲ."

ಸಣ್ಣ ಮರೆವು ಎಂದೆ.

"ನೀರು ಏರಿದಾಗ ಸೆನ್ಸರಿಗೆ ರಾಡಿ ಬಡದು ಉತ್ತರ ನಿಲ್ತೈತಿ. ಒಂಬತ್ತು ದಿನದ ತಪ್ಪು ಅರ್ಧ ತಾಸಿನ್ಯಾಗ ಆಗ್ತಾವ. ಬೇಕಾದ ದಿನಾನ ನಿಮ್ಮ ಸೈರನ್ ಸಾಯ್ತೈತಿ."

ಸಹಿಯಿಲ್ಲದೆ ರಾಫ್ಟ್ ಬಿಡುವಂತಿರಲಿಲ್ಲ; ವೀರೇಶ ಕಣ್ಣು ಕೆಂಪಗೆ ಮಾಡಿಕೊಂಡ. ಮೂರು ದಿನ ರಾಫ್ಟುಗಳು ದಡದಲ್ಲಿ ಬಿದ್ದಿದ್ದವು. ಇಶ್ರತ ನನ್ನ ಕೋಡನ್ನು ತಿದ್ದಿದಳು. ನಂಬರ್ ಕಾಯ್ದಿರಿಸಬೇಕು, ಕೆಡಬಹುದಾದ ಕೆಲಸವನ್ನೆಲ್ಲ ಆಗಲೇ ಮುಗಿಸಬೇಕು, ಕೆಟ್ಟರೆ ನಂಬರ್ ಹಿಂದಿರುಗಿಸಬೇಕು. ಎಲ್ಲ ಸರಿಯಾದರೆ ಮಾತ್ರ ಕಡೆಗೆ ಫೈಲನ್ನು ಅದಕ್ಕೆ ಜೋಡಿಸುವುದು, ಏಕೆಂದರೆ ಜೋಡಿಸಿದ ಮೇಲೆ ಹಿಂದೆ ಪಡೆಯುವಂತಿಲ್ಲ. ಇಷ್ಟು ವರ್ಷದ ಅನುಭವದಲ್ಲಿ ಹಿಂದಿರುಗಿಸುವ ವಿಚಾರ ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಸೆನ್ಸರಿನ ವಾಯರು ಕಿತ್ತು ಐದು ಸಾವಿರ ಸಲ ಓದಿಸಿದಳು. ಐದು ಸಾವಿರ ಸಲವೂ ಓದು ಸೋತಿತು; ಆದರೂ ತೆರೆದ ನಂಬರುಗಳು ಹನ್ನೊಂದನ್ನು ದಾಟಲಿಲ್ಲ. ವಾಯರು ಸಿಕ್ಕಿಸಿ ಗುಂಡಿ ಒತ್ತಿದಾಗ ಸೈರನ್ ಕೂಗಿದ ರಭಸಕ್ಕೆ ವೀರೇಶನ ಚಹಾ ಅಂಗಿಯ ಮೇಲಾಯಿತು.

ಅವಳು ಸಹಿ ಹಾಕುತ್ತಿದ್ದಾಗ ಅವನು ಅಂಗಿ ಒರೆಸಿಕೊಳ್ಳುತ್ತ ಹಲ್ಲು ಕಡಿದ.

"ಎಂಟು ದಿನ ಸರಿಯಾಗೇ ನಡೀತಿತ್ತಲ್ಲ ಮೇಡಂ, ಒಂದು ದಿನಕ್ಕ ಇಷ್ಟು ರಂಪ ಬೇಕಿತ್ತೇನು?"

"ಬೇಕಿರಲಿಲ್ರಿ. ಒಂಬತ್ತನೇ ದಿನ ನನ್ನ ತಮ್ಮನ ಬದ್ಲಿ ನೀವ ರಾಫ್ಟ್ ನಡಸಿದ್ರ ಆಗ್ತಿತ್ತು."