ಸರ್ ಎಳೆದ ಗೆರೆಯ ಮೇಲೆ ನನ್ನ ಬೆರಳು

ನಮ್ಮ ಸರ್ ಅವರ ಬಲಗೈ ಬೆರಳುಗಳು ಸದಾ ಕಂದು ಹಳದಿ. ಮದುವೆಮನೆಯಲ್ಲಿ ಈಗಷ್ಟೇ ಮದರಂಗಿ ಹಚ್ಚಿಸಿಕೊಂಡು ಬಂದವರ ಹಾಗೆ! ಅದು ಸರ್ಕ್ಯೂಟ್ ಬೋರ್ಡಿನ ತಾಮ್ರ ಕರಗಿಸುವ ಔಷಧದ ಕಲೆ. ಆಳಂದದ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು. ಕೈಗವಸು ಹಾಕಿಕೊಳ್ಳಿ ಎಂದು ನಮ್ಮನ್ನು ಗದರಿಸಿ, ತಾವು ಮಾತ್ರ ಬರಿಗೈ ಅದ್ದುತ್ತಿದ್ದರು. ಹೇಳಿದರೆ ಕೇಳುವ ಆಸಾಮಿಯಲ್ಲ.

ಎಂಬತ್ತರ ದಶಕದ ಕೊನೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಆಳಂದದವನೊಬ್ಬ, ಅಫಜಲಪುರದವನೊಬ್ಬ, ಜೇವರ್ಗಿಯವನೊಬ್ಬ, ಕರಜಗಿಯ ನಾನು. ಕರೆಂಟ್ ಬಂದ ಕೂಡಲೇ ಹೊಲದ ಪಂಪು ತಾನೇ ಶುರುವಾಗಬೇಕು, ಬಾವಿ ತಳ ಕಂಡರೆ ತಾನೇ ನಿಲ್ಲಬೇಕು. ಅಂಥ ಸರ್ಕ್ಯೂಟ್ ಮಾಡಬೇಕಿತ್ತು. ಹುಡುಗರು ಬೋರ್ಡನ್ನು ಮೂರು ಪಾಲು ಮಾಡಿ ಹಂಚಿಕೊಂಡರು. "ನಿನ್ನ ಅಕ್ಷರ ಚಂದ ಅದಾವ, ನೀ ರಿಪೋರ್ಟ್ ಬರಿ" ಎಂದು ನನ್ನನ್ನು ಸಾಗಹಾಕಿದರು. ಮೈಯೆಲ್ಲ ಉರಿಯಿತು. ಪ್ರಾಜೆಕ್ಟಿನಲ್ಲಿ ಏನಾದರೂ ಮಾಡಿ ತೋರಿಸಿದರೆ ಮಾತ್ರ ಇಂಜಿನಿಯರಿಂಗ್ ಓದಿಸುವುದಾಗಿ ಅಪ್ಪ ಹೇಳಿದ್ದರು. ರಿಪೋರ್ಟ್ ಬರೆದೆ ಎಂದರೆ ಅವರು ಬಿದ್ದು ಬಿದ್ದು ನಗುತ್ತಿದ್ದರು.

ಸರ್ ನಮ್ಮ ಹಂಚಿಕೆ ಕೇಳಿ ತಲೆ ಅಲ್ಲಾಡಿಸಿದರು. "ಬೋರ್ಡ್ ಮ್ಯಾಲ ಗೆರಿ ಎಳಿಯೋರು ನೀವು ಮೂವರು. ತಪಾಸ ಮಾಡಾಕಿ ಇಕಿ. ಇಕಿ ಹೂಂ ಅನ್ನೂತನಕ ಬೋರ್ಡ್ ಔಷಧಕ್ಕ ಇಳಿಸಿದ್ರ ನೋಡ್ರಿ ಮತ್ತ!"

ತಪಾಸಣೆಗೆ ಅವರದೇ ಪದ್ಧತಿ. ಕಣ್ಣಾಡಿಸಿದರೆ ಸಾಲದು. ಕರೆಂಟ್ ಒಳಬರುವ ಪ್ಲಸ್‌ನಿಂದ ಹೊರಟು ಗೆರೆಯ ಮೇಲೆ ಬೆರಳು ಜಾರಿಸುತ್ತ, ಎಲ್ಲಿ ತಿರುಗಿದೆ, ಯಾರನ್ನು ಮುಟ್ಟಿದೆ ಎಂದು ಕಂಡಕ್ಟರ್ ಊರು ಕೂಗಿದ ಹಾಗೆ ಗಟ್ಟಿಯಾಗಿ ಹೇಳಬೇಕು.

ಹುಡುಗರು ತಾಮ್ರದ ಹಾಳೆಯ ಮೇಲೆ ಬಣ್ಣದಲ್ಲಿ ಗೆರೆ ಎಳೆದು ತಂದರು. ಬಣ್ಣದಡಿಯ ತಾಮ್ರ ಮಾತ್ರ ತಂತಿಯಾಗಿ ಉಳಿಯುತ್ತದೆ, ಮಿಕ್ಕಿದ್ದನ್ನು ಔಷಧ ತಿಂದುಬಿಡುತ್ತದೆ. ಬೆರಳಿಟ್ಟು ನೋಡಿದರೆ, ಮೂವರೂ ಕರೆಂಟ್ ವಾಪಸಾಗುವ ಗ್ರೌಂಡ್ ಗೆರೆಯನ್ನು ತಮ್ಮ ತಮ್ಮ ಗಡಿಯೊಳಗೇ ಮುಗಿಸಿದ್ದಾರೆ! ಪಕ್ಕದವನು ಜೋಡಿಸುತ್ತಾನೆಂದು ಎಲ್ಲರಿಗೂ ನಂಬಿಕೆ. ಸರ್ ಬೆಂಚು ಬಡಿದು ನಕ್ಕರು. "ಏನ್ ಮಂದಿರಲೇ! ಮೂರು ತಾಲ್ಲೂಕ ಅದಾವ, ನಡುವ ಒಂದ್ ಬಸ್ಸೂ ಇಲ್ಲ!" ತಾವೇ ಬ್ರಷ್ ಹಿಡಿದು ಮೂರನ್ನೂ ಜೋಡಿಸಿ ಒಂದು ಗೆರೆ ಎಳೆದುಬಿಟ್ಟರು.

ನಾನು ಮತ್ತೆ ಮೊದಲಿನಿಂದ ಬೆರಳಿಟ್ಟೆ. ಸರ್ ಎಳೆದ ಗೆರೆಗೆ ಬಂದು ನಿಂತೆ. ಅದು ಪ್ಲಸ್ ಗೆರೆಯ ಮೇಲೇ ಹಾದುಹೋಗಿತ್ತು. ಹಾಗೇ ಬಿಟ್ಟರೆ ಕರೆಂಟ್ ಕೊಟ್ಟ ಕ್ಷಣ ಎಲ್ಲ ಸುಟ್ಟು ಹೋಗುತ್ತಿತ್ತು. ಸೊಲ್ಲಾಪುರದಿಂದ ತಂದ ಸಾಮಾನು, ಇನ್ನೊಂದು ಸೆಟ್ಟಿಲ್ಲ. ಪರೀಕ್ಷೆ ಎದುರಿಗೇ ಇತ್ತು. ಆದರೆ ಗುರುಗಳ ತಪ್ಪನ್ನು ಗುರುಗಳೆದುರೇ ಹೇಳುವುದು ಹೇಗೆ? ನಮ್ಮ ಮನೆಯಲ್ಲಿ ಹಿರಿಯರ ಮುಂದೆ ಕೂತು ಮಾತಾಡಿದರೇ ಗದ್ದಲ.

"ಯಾಕ ತಂಗಿ, ಬಸ್ ಕೆಟ್ಟು ನಿಂತದೇನು?"

"ಸರ್... ನಿಮ್ಮ ಗೆರಿ ಪ್ಲಸ್‌ಗೆ ಮುಟ್ಟ್ಯಾದರಿ."

ಸರ್ ಕನ್ನಡಕ ಹಣೆಗೇರಿಸಿ, ಬೋರ್ಡಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಆಮೇಲೆ ಇಡೀ ಕಾಲೇಜಿಗೆ ಕೇಳುವಂತೆ ಕೂಗಿದರು: "ಸಿಕ್ಕಬಿದ್ನೆಪಾ ನಾ! ಭಲೇ ತಂಗಿ, ಭಲೇ!"

ಮುಟ್ಟಿದ ಕಡೆಯಷ್ಟು ಬಣ್ಣ ಕೆರೆದು ತೆಗೆದೆವು. ಅಲ್ಲಿ ಮೇಲಿನಿಂದ ಒಂದು ತುಂಡು ವೈರು ದಾಟಿಸಿದೆವು. ಪರೀಕ್ಷೆಯ ದಿನ ಪಂಪು ಗುರ್ ಎಂದಾಗ ಹುಡುಗರಿಗಿಂತ ಜೋರಾಗಿ ಕುಣಿದವರು ಸರ್.

ರಿಸಲ್ಟ್ ಬಂದ ಮೇಲೆ ಪೇಡೆಯ ಡಬ್ಬಿ ಹಿಡಿದು ಕರಜಗಿಯ ನಮ್ಮ ಮನೆಗೇ ಬಂದರು. "ಗೌಡ್ರ, ನಿಮ್ಮ ಮಗಳು ನನ್ನ ತಪ್ಪು ಹಿಡದಾಳ್ರಿ!"

ಅಪ್ಪ ಗಾಬರಿಯಾಗಿ ಎದ್ದು ನಿಂತರು. "ಏನ್ ಬೇ, ಗುರುಗಳಿಗೇ ಎದುರಾಡಿದಿ?"

"ಬೈಬ್ಯಾಡ್ರಿ. ಅದಕ್ಕಂತೇ ಪೇಡೆ ತಂದೇನಿ. ಹೇಳಾಕ ಧೈರ್ಯ ಬೇಕ್ರಿ. ಇಕಿನ್ನ ಮುಂದ ಓದಸ್ರಿ."

ಅಪ್ಪ ಪೇಡೆ ಬಾಯಿಗಿಟ್ಟು ಬಹಳ ಹೊತ್ತು ಜಗಿದರು. ಕೊನೆಗೆ "ಆಯ್ತ್ರಿ" ಎಂದರು.

ಎಷ್ಟೋ ವರ್ಷಗಳ ಮೇಲೆ ಸರ್ ತೀರಿಕೊಂಡಾಗ ಮಣ್ಣಿಗೆ ಅಪ್ಪನೂ ನನ್ನೊಡನೆ ಬಂದಿದ್ದರು. ಅಲ್ಲಿದ್ದವರೊಬ್ಬರು ನನ್ನನ್ನು ತೋರಿಸಿ, ಇವರು ಯಾರು ಎಂದು ಕೇಳಿದರು. ನನ್ನ ಮಗಳು, ಇಂಜಿನಿಯರ್ ಎನ್ನಬಹುದಿತ್ತು. ಅಪ್ಪ ಹಾಗೆನ್ನಲಿಲ್ಲ. ಟವೆಲಿನಿಂದ ಕಣ್ಣೊರೆಸಿಕೊಂಡು ಎದೆಯುಬ್ಬಿಸಿ ಹೇಳಿದರು: "ಸರ್ ತಪ್ಪು ಹಿಡದಾಕಿ ಇಕೀನೇ ನೋಡ್ರಿ."